ಹನ್ನೆರಡನೆಯ ಪಾಠ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಮಹಾದೇವಪ್ಪ ಮಾಸ್ತರನ ಹೆಸರು ಹೇಳಿದರೆ ಅಳುವ ಹುಡುಗರು ಬಾಯಿ ಮುಚ್ಚುತ್ತಿದ್ದರು, ಸುಮ್ಮನಿದ್ದವರು ಅಳಲಿಕ್ಕೆ ಸುರುಮಾಡುತ್ತಿದ್ದರು. ಸೈಕಲ್ ಅಂಗಡಿಯ ಕಾಸಿಮಸಾಬನ ಮಗನನ್ನು ಇಬ್ಬರು ಮಾಸ್ತರರು 'ಇದು ಕಲಿಯುವ ಪ್ರಾಣಿಯಲ್ಲ' ಎಂದು ಕೈಬಿಟ್ಟಿದ್ದರು. ಮಹಾದೇವಪ್ಪ ಒಂದು ವರ್ಷ ಛಡಿ ಹಿಡಿದು ಅವನ ಬೆನ್ನು ಹತ್ತಿದ. ಈಗ ಆ ಹುಡುಗ ಅಂಗಡಿಯ ಮುಂದೆ ಕೂತು ಗಿರಾಕಿಗಳಿಗೆ ಪೇಪರು ಓದಿ ಹೇಳುತ್ತಾನೆ. "ನಮ್ಮ ಮಾಸ್ತರು ಕಲ್ಲಿಗೂ ಅಕ್ಷರ ಕಲಿಸ್ತಾರ್ರಿ" ಎಂದು ಕಾಸಿಮಸಾಬ ಟ್ಯೂಬಿಗೆ ಗಾಳಿ ಹಾಕುತ್ತಲೇ ಹೋಗಿಬರುವವರಿಗೆಲ್ಲ ಹೇಳುತ್ತಿದ್ದ. ಆ ಮಾತು ಮೊದಲೆಲ್ಲ ಮಹಾದೇವಪ್ಪನ ಕಿವಿಗೆ ಇಂಪಾಗಿತ್ತು. ಈ ವರ್ಷ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಯಾಕೆಂದರೆ ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆ ಅವನ ಮನೆಯೊಳಗೇ ಬಂದು ಕುಳಿತಿತ್ತು. ಅವನ ಮಗಳು ಸುಹಾಸಿನಿಗೆ ಒಂಬತ್ತು ವರ್ಷ, ಎರಡನೆಯ ಇಯತ್ತೆಯಲ್ಲಿ ಅದು ಎರಡನೆಯ ವರ್ಷ, ಅವಳಿಗೆ ಓದಲಿಕ್ಕೆ ಬರುತ್ತಿರಲಿಲ್ಲ.

ಹೆಡ್‌ಮಾಸ್ತರ ಗುರುಶಿದ್ದಪ್ಪನವರ ಕಟ್ಟುಕಟ್ಟಳೆ ಬಿಗಿಯಾಗಿತ್ತು. ಒಂದೇ ಇಯತ್ತೆಯಲ್ಲಿ ಎರಡು ಸಲ ನಪಾಸಾದ ಮಗುವಿನ ಹೆಸರು ಮೂರನೆಯ ವರ್ಷ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಬೇರೆ ಶಾಲೆಗೆ ಹಾಕೋಣವೆಂದರೆ ಇವರು ಕೊಡುವ ದಾಖಲೆಯಲ್ಲೇ 'ಕಲಿಯಲು ಅಸಮರ್ಥ' ಎಂದು ಬರೆದಿರುತ್ತದೆ. ಓಣಿಯಲ್ಲಿ ಹಾಗೆ ಹೆಸರು ಕಡಿಸಿಕೊಂಡ ಹುಡುಗಿಯರೆಲ್ಲ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಕಾರಖಾನೆಗೆ ಕಸ ಆರಿಸಲಿಕ್ಕೆ ಹೋಗುತ್ತಿದ್ದರು, ಸಂಜೆಗೆ ಕೂದಲು ರೆಪ್ಪೆಗಳಿಗೆಲ್ಲ ಬಿಳಿ ಮೆತ್ತಿಸಿಕೊಂಡು ಕೆಮ್ಮುತ್ತ ಬರುತ್ತಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಪರೀಕ್ಷೆಗೆ ಬರಲಿಕ್ಕೆ ಇನ್ನು ಮೂರು ವಾರ ಇತ್ತು. ತನ್ನ ಮಗಳು ಜಿನ್ನಿಗೆ ಹೋಗುವುದೆಂದರೆ ತಾನು ಇಷ್ಟು ವರ್ಷ ಹತ್ತಿದ ಏಣಿಯನ್ನು ಯಾರೋ ಕೆಳಗಿನಿಂದ ಎಳೆದಂತೆ ಎಂದು ಮಹಾದೇವಪ್ಪನಿಗೆ ಅನಿಸುತ್ತಿತ್ತು.

ಓದಿಸುವುದರಲ್ಲಿ ಅವನು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಆ ಮನೆಯಲ್ಲಿ ಯಾರೂ ಕುರ್ಚಿಯ ಮೇಲೆ ಕೂತವರಲ್ಲ. ಆದರೂ ಬಡಿಗೇರನಿಗೆ ಹೇಳಿ ಮಗಳಿಗೆಂದೇ ಒಂದು ಸಣ್ಣ ಕುರ್ಚಿ, ಒಂದು ಮೇಜು ಮಾಡಿಸಿದ್ದ. ದಿನಾ ಸಂಜೆ ಕೈಕಾಲು ಮುಖ ತೊಳೆಸಿ, ಇಸ್ತ್ರಿ ಮಾಡಿದ ಲಂಗ ಹಾಕಿಸಿ, ಅವಳನ್ನು ಅಲ್ಲಿ ಕೂಡಿಸುತ್ತಿದ್ದ. ಪಾಟಿಯನ್ನು ಉಗುಳಿನಿಂದ ಒರೆಸುವಂತಿಲ್ಲ, ಒದ್ದೆ ಬಟ್ಟೆ ಬೇರೆಯೇ ಇತ್ತು. ನೆಲದ ಮೇಲೆ ಕೂತು ಓದುವುದಂತೂ ಖಡಾಖಂಡಿತ ಇಲ್ಲ. ಈ ಒಂದು ಮಾತಿನಲ್ಲಿ ಅವನು ಹೆಂಡತಿ ದೇವಕ್ಕನ ಮಾತನ್ನಾಗಲಿ ತಾಯಿ ಉಡಚವ್ವನ ಮಾತನ್ನಾಗಲಿ ಕೇಳುತ್ತಿರಲಿಲ್ಲ.

ಆ ದಿನ ಸಂಜೆ ಸುಹಾಸಿನಿ ಪುಸ್ತಕ ಹಿಡಿದು ಹನ್ನೆರಡನೆಯ ಪಾಠವನ್ನು ಗಡಗಡನೆ ಓದಿದಳು. "ಮಾವ ಬಂದ. ಮಾವಿನ ಹಣ್ಣು ತಂದ. ಕಮಲ ನಕ್ಕಳು." ಎಲ್ಲಿಯೂ ತಡವರಿಕೆಯಿಲ್ಲ. ಮಹಾದೇವಪ್ಪನ ಎದೆ ಹಗುರಾಯಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ದೇವಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. ಖುಷಿಯಲ್ಲಿ ಅವನು, "ಶಾಬಾಸ್. 'ಹಣ್ಣು' ಅಂತ ಎಲ್ಲೈತಿ, ಬಟ್ಟಿಟ್ಟು ತೋರಸು" ಎಂದ. ಹುಡುಗಿ ಪುಸ್ತಕ ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ 'ಕಮಲ' ಎನ್ನುವಲ್ಲಿ ಬೆರಳಿಟ್ಟಳು.

ಅವನು ಪುಟ ತಿರುವಿ ಬೇರೆ ಪಾಠ ತೋರಿಸಿದ. ಅವನು ಮೊದಲ ಮಾತು ಹೇಳಿಕೊಟ್ಟ ಮೇಲೆ ಅವಳು ಅದನ್ನು ಕೊನೆಯವರೆಗೆ ಹೇಳಿದಳು. ಇನ್ನೊಂದು ಪುಟ ತೋರಿಸಿದ, ಅದನ್ನೂ ಹೇಳಿದಳು. ತರಗತಿಯಲ್ಲಿ ನಲವತ್ತು ಹುಡುಗರು ಒಕ್ಕೊರಲಿನಿಂದ ಓದುವುದನ್ನು ಎರಡು ವರ್ಷ ಕೇಳಿ ಕೇಳಿ ಇಡೀ ಪುಸ್ತಕ ಅವಳ ಬಾಯಲ್ಲಿ ಕೂತಿತ್ತು. ಕಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಇದು ಓದೂದಲ್ಲ, ಗಿಳಿ ಹೇಳಿದಂಗ" ಎಂದು ಅವನು ಕೂಗಿದ. "ಬಾಯಿಪಾಠ ನನಗ ಬ್ಯಾಡ. ಅಕ್ಷರ ನೋಡಿ ಓದು. ಇನ್ನೊಮ್ಮೆ ಬಾಯಿಪಾಠ ಹೇಳಿದ್ರ ಕೈ ಮುರೀತೇನಿ." ಅಳತೆಪಟ್ಟಿ ಅವಳ ಅಂಗೈಯ ಮೇಲೆ ಎರಡು ಸಲ ಬಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ದೇವಕ್ಕನಿಗೆ ಸಿಟ್ಟು ಬಂದರೆ ಅವಳ ಬಾಯಿ ಮಾತಾಡುತ್ತಿರಲಿಲ್ಲ, ಕೈ ಮಾತಾಡುತ್ತಿತ್ತು.

ಎರಡನೆಯ ಇಯತ್ತೆಯ ಮಾಸ್ತರ ವೆಂಕಣ್ಣ ಧಾರವಾಡದವರು, ಮೆತ್ತಗಿನ ಮಾತಿನವರು. ಮರುದಿನ ಚಹಾದ ಹೊತ್ತಿಗೆ ಮಹಾದೇವಪ್ಪನ ಬಾಡಿದ ಮುಖ ನೋಡಿ, "ಯಾಕ ಇಷ್ಟು ಮನಸ್ಸಿಗೆ ಹಚ್ಚಿಗೋತೀರಿ ಮಾಸ್ತರ? ಎಲ್ಲಾರ ಹಣ್ಯಾಗೂ ವಿದ್ಯಾ ಬರೆದಿರೂದಿಲ್ಲ. ಹೆಣ್ಣುಮಗು ಅದ, ನಾಲ್ಕು ಮನಿಗೆಲಸ ಕಲಿತರ ಆತು" ಎಂದರು. ಅವರು ಒಳ್ಳೆಯದಕ್ಕೇ ಹೇಳಿದರೋ, ಮಾತಿನೊಳಗೆ ಇನ್ನೊಂದು ಮಾತು ಇತ್ತೋ, ಮಹಾದೇವಪ್ಪನಿಗೆ ತಿಳಿಯಲಿಲ್ಲ. ಮೂವತ್ತು ವರ್ಷಗಳಿಂದ ಅವನಿಗೆ ಇದೇ ಫಜೀತಿ. ನೇರವಾಗಿ ಬೈದರೆ ತಿರುಗಿ ಬೈಯಬಹುದು, ಮೆತ್ತಗೆ ಹೇಳಿದವರನ್ನು ಏನು ಮಾಡುವುದು? "ಹೌದ್ರಿ" ಎಂದು ಬಸಿಯ ಚಹಾ ಕುಡಿದು ಎದ್ದ. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುವಂತೆ ಆ ಮಧ್ಯಾಹ್ನ ಅವನ ತರಗತಿಯ ಹುಡುಗರೆಲ್ಲ ಕಾರಣವಿಲ್ಲದೆ ಏಟು ತಿಂದರು.

ಅವನು ಮಾಡದ ಉಪಾಯವಿರಲಿಲ್ಲ. ರಟ್ಟಿನ ತುಂಡುಗಳ ಮೇಲೆ ಒಂದೊಂದೇ ಅಕ್ಷರ ಬರೆದು ಗೋಡೆಗೆ ಹಚ್ಚಿದ. ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಕಣ್ಣು ಹದ್ದಿನಂತಿವೆ ಎಂದು ಅವರು ಹೇಳಿ ಕಳಿಸಿದರು. ದೇವಕ್ಕ ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸಿದಳು. ಕಾಸಿಮಸಾಬನ ಹೆಂಡತಿ ರೆಹಮತ್‌ಬಿ ಒಂದು ತಾಯಿತ ತಂದು ಕಟ್ಟಿದಳು. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಯಿತು. ನಿನ್ನೆ ಕಲಿತ 'ಮ' ಇವತ್ತು 'ವ' ಆಗಿರುತ್ತಿತ್ತು, ಇವತ್ತಿನ 'ವ' ನಾಳೆ 'ಪ' ಆಗುತ್ತಿತ್ತು. ಅವಳೇನು ಹೆಡ್ಡಿಯಲ್ಲ, ಅದೇ ಅವನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹಾಕುತ್ತಿತ್ತು. ಅಂಗಡಿಯ ಹತ್ತು ಸಾಮಾನು ಹೇಳಿದರೆ ಒಂದನ್ನೂ ಮರೆಯದೆ ತರುವ ಹುಡುಗಿ, ಅಜ್ಜಿ ಹೇಳಿದ ಹಾಡನ್ನು ಒಂದೇ ಸಲ ಕೇಳಿ ಹಾಡುವ ಹುಡುಗಿ, ಇಷ್ಟಗಲದ ಒಂದು ಅಕ್ಷರದ ಮುಂದೆ ಕುರುಡಿಯಾಗುವುದೆಂದರೇನು? ಬೇಕೆಂದೇ ಮಾಡುತ್ತಾಳೆ ಎಂದು ಒಮ್ಮೆ, ನನ್ನ ಹಣೆಬರಹ ಎಂದು ಒಮ್ಮೆ ಅವನಿಗೆ ಅನಿಸುತ್ತಿತ್ತು.

ಪರೀಕ್ಷೆಗೆ ಎರಡು ವಾರ ಇದ್ದಾಗ ಒಂದು ಸಂಜೆ ಅವನು ಪಾಟಿಯನ್ನು ನೆಲಕ್ಕೆ ಅಪ್ಪಳಿಸಿದ. ಪಾಟಿ ಮೂರು ಚೂರಾಯಿತು. ಹುಡುಗಿ ಅಳಲಿಲ್ಲ, ಮೆಲ್ಲಗೆ ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನೂ ಹೋಗಿ ನೋಡಿದರೆ ಅಜ್ಜಿಯ ಪಕ್ಕದಲ್ಲಿ ಧೂಳಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಬೆರಳಿನಿಂದ ಏನೋ ಗೀಚುತ್ತಿದ್ದಳು. ಇಸ್ತ್ರಿ ಮಾಡಿದ ಲಂಗದ ತುಂಬ ಮಣ್ಣು.

"ಯವ್ವಾ, ಎಷ್ಟು ಸಲ ಹೇಳ್ಲಿ ನಿನಗ? ನನ್ನ ಮಗಳನ್ನ ಮಣ್ಣಾಗ ಕೂಡಸಬ್ಯಾಡ."

"ನಾ ಎಲ್ಲಿ ಕೂಡಸೇನೋ? ಅದ ಬಂದು ಕುಂತೈತಿ" ಎಂದಳು ಉಡಚವ್ವ. "ನೀ ಅಕ್ಷರ ಕಲ್ತದ್ದೆಲ್ಲಿ ಮಾದೇವಾ? ಕುರ್ಚಿ ಮ್ಯಾಲೇನು?" ಎಂದು ಕೇಳಿದಳು.

ಆ ಮಾತನ್ನು ಅವಳು ಎತ್ತಬಾರದಿತ್ತು. ಅವನು ಹುಟ್ಟಿದ ಊರಿನಲ್ಲಿ ಕೇರಿಯ ಹುಡುಗರನ್ನು ಮೈಲಿಗೆಯೆಂದು ಸಾಲಿಯ ಒಳಗೆ ಬಿಡುತ್ತಿರಲಿಲ್ಲ. ಮಹಾದೇವಪ್ಪ ನಾಲ್ಕು ವರ್ಷ ಕಿಟಕಿಯ ಹೊರಗೆ ಅಂಗಳದಲ್ಲಿ ಕೂತು ಕಲಿತವನು. ಪಾಟಿ ಕೊಂಡರೂ ಉಪಯೋಗವಿರಲಿಲ್ಲ, ಮಾಸ್ತರ ಅದನ್ನು ಮುಟ್ಟಿ ತಿದ್ದುತ್ತಿರಲಿಲ್ಲ. ಹೀಗಾಗಿ ಧೂಳಿನಲ್ಲಿ ಬರೆಯಬೇಕು, ಕಿಟಕಿಯಿಂದ ಕಾಣುವಷ್ಟು ದೊಡ್ಡದಾಗಿ ಬರೆಯಬೇಕು. ಮಾಸ್ತರ ಒಳಗಿನಿಂದಲೇ ಕೋಲು ಚಾಚಿ 'ಅದರ ಬಾಲ ತಿರುವೋ' ಎನ್ನುತ್ತಿದ್ದ. ಮಳೆ ಬಂದರೆ ಆ ದಿನದ ಪಾಠವೂ ಹೋಯಿತು. ಒಳಗಿನ ಹುಡುಗರು ಅದನ್ನು ತುಳಿದುಕೊಂಡು ಮನೆಗೆ ಹೋಗುತ್ತಿದ್ದರು. ಮಗಳು ಹುಟ್ಟಿದ ದಿನವೇ ಅವನು ಒಂದು ಪಣ ತೊಟ್ಟಿದ್ದ. ಇವಳು ಬೆಂಚಿನ ಮೇಲೆ, ಒಳಗೆ, ಕೈಯಲ್ಲಿ ಪಾಟಿ ಹಿಡಿದು ಕಲಿಯಬೇಕು.

"ಅದಕ್ಕ ಬ್ಯಾಡ ಅನ್ನೂದು" ಎಂದ ಅವನು. "ನನಗಾದದ್ದು ಸಾಕು."

"ಹೊರಗ ಕೂಡಿಸಿದಾಂವ ಆ ಮಾಸ್ತರ. ಮಣ್ಣು ಏನ ಮಾಡಿತ್ತೋ ನಿನಗ? ಮಣಕೈತನಕ ಧೂಳಾ ಮಾಡ್ಕೊಂಡು ಬರ್ತಿದ್ದಿ. ಮನಿಗೆ ಬರೂ ಹಾದಿ ತುಂಬ ಚಕ್ಕಡಿಗಾಲಿಯಷ್ಟು ದೊಡ್ಡ ಅಕ್ಷರ ಬರೀತಿದ್ದಿ. ನನಗೂ ತುಳೀಗೊಡ್ತಿರಲಿಲ್ಲ." ಉಡಚವ್ವ ಮುಂದೆ ಏನೋ ಹೇಳುವವಳಿದ್ದಳು. ಅವನು ಕೇಳಲಿಕ್ಕೆ ನಿಲ್ಲಲಿಲ್ಲ. ಹೊಸ ಪಾಟಿ ತರಲಿಕ್ಕೆ ಪೇಟೆಗೆ ಹೊರಟುಹೋದ.

ಹೊಸ ಪಾಟಿಯಿಂದ ಏನೂ ಹೊಸದಾಗಲಿಲ್ಲ. ಮೂರನೆಯ ದಿನ ಸಂಜೆ ಅವನು ಅಳತೆಪಟ್ಟಿ ಕೈಗೆತ್ತಿಕೊಂಡದ್ದೇ ತಡ, ಟಪಟಪ ಎಂದು ಏನೋ ತೊಟ್ಟಿಕ್ಕುವ ಸಪ್ಪಳವಾಯಿತು. ನೋಡಿದರೆ ಕುರ್ಚಿಯ ಕೆಳಗೆ ನೀರು. ಒಂಬತ್ತು ವರ್ಷದ ಹುಡುಗಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಅವಳು ತಲೆ ತಗ್ಗಿಸಿ ಪಾಟಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ದೇವಕ್ಕ ಬಂದು ಮಗಳನ್ನು ಎತ್ತಿಕೊಂಡು ಹೋದಳು. ಆಮೇಲೆ ಬಂದು ಕುರ್ಚಿಯನ್ನು ತೊಳೆದು, ಹಿತ್ತಲಲ್ಲಿ ಬೋರಲು ಹಾಕಿದಳು. ಆ ಹೊತ್ತು ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಕೇಳಲಿಲ್ಲ. ಎಲ್ಲರೂ ಮುಂಜಾನೆಯ ತಂಗಳು ತಿಂದರು, ಮಹಾದೇವಪ್ಪ ತಟ್ಟೆ ಸರಿಸಿ ಎದ್ದ. ತಾನು ಯಾವ ಮಾಸ್ತರನನ್ನು ಜೀವಮಾನವಿಡೀ ಬೈಯುತ್ತ ಬಂದಿದ್ದನೋ, ಅವನಾದರೂ ತನ್ನನ್ನು ಇಷ್ಟು ಹೆದರಿಸಿರಲಿಲ್ಲ. ಆ ವಿಚಾರ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಕೆಯಾಯಿತು.

ಮರುದಿನ ರವಿವಾರ. ಕುರ್ಚಿ ಇನ್ನೂ ಬಿಸಿಲಿನಲ್ಲಿತ್ತು. ಅವನು ಹಿತ್ತಲಿಗೆ ಬಂದು, ಧೋತರ ಮೊಣಕಾಲಿಗೆ ಕಟ್ಟಿ, ಒಂದು ಸಲ ಆಚೀಚೆ ನೋಡಿ, ಮಣ್ಣಿನಲ್ಲಿ ಕುಳಿತ. ಮಗಳನ್ನು ಕರೆದ. ಅವಳು ಬಾಗಿಲಿನಲ್ಲೇ ನಿಂತು ಅವನ ಕೈ ಖಾಲಿ ಇದೆಯೋ ಇಲ್ಲವೋ ನೋಡಿಕೊಂಡು ಬಂದಳು.

"ಇದು 'ವ'" ಎಂದು ಅಂಗೈಯಿಂದ ಧೂಳು ಸರಿಸಿ ಎಮ್ಮೆಯಷ್ಟು ದೊಡ್ಡ ಅಕ್ಷರ ಬರೆದ. "ಇದರ ಮ್ಯಾಲ ನಡದು ಬಾ."

ಅವಳು ನಡೆದಳು. ಎರಡನೆಯ ಸಲ ಅವನು ಬರೆದು ಅಲ್ಲಿಗೇ ನಿಲ್ಲಿಸದೆ ಬಲಕ್ಕೆ ಇನ್ನೊಂದು ಸುತ್ತು ತೆಗೆದ. "ಇದು 'ಮ'. ಈಗ ನಡಿ."

ನಡೆದು ಕೊನೆಗೆ ಬಂದವಳು ನಿಂತಳು. ಹಿಂದಿರುಗಿ ನೋಡಿದಳು. "ಅಪ್ಪಾ, 'ವ'ದಾಗ ಲಗೂ ಮನಿ ಬರ್ತೈತಿ. 'ಮ'ದಾಗ ಇನ್ನೊಂದು ಓಣಿ ಸುತ್ತಿ ಬರಬೇಕು."

ಆ ಎರಡು ಅಕ್ಷರಗಳನ್ನು ಅವಳು ಆಮೇಲೆ ಎಂದೂ ತಪ್ಪಲಿಲ್ಲ. ಮಹಾದೇವಪ್ಪನಿಗೆ ಖುಷಿಗಿಂತ ಮೊದಲು ಸಿಟ್ಟೇ ಬಂತು. ಎರಡು ವರ್ಷ ಮಣ್ಣುಗೂಡಿದವಲ್ಲ, ಇಷ್ಟು ಸಣ್ಣ ಕೆಲಸಕ್ಕೆ ತನಗೆ ಇಷ್ಟು ದಿನ ಬೇಕಾಯಿತಲ್ಲ ಎಂದು. ಅಜ್ಜಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವಳು 'ನಾ ಹೇಳಿದ್ದಿಲ್ಲೇನು' ಎನ್ನಲಿಲ್ಲ, ಅದೊಂದು ಪುಣ್ಯ. ಗೋಡೆಯಾಚೆಯಿಂದ ರೆಹಮತ್‌ಬಿ ಮಾತ್ರ ಇಣಿಕಿ ನೋಡಿ, "ಮಾಸ್ತರ ಏನ್ ಕಳಕೊಂಡಾರ ಮಣ್ಣಾಗ?" ಎಂದು ದೇವಕ್ಕನನ್ನು ಕೇಳಿದಳು.

ಒಂಬತ್ತು ದಿನಗಳಲ್ಲಿ ಇಪ್ಪತ್ತೆರಡು ಅಕ್ಷರ ಬಂದವು. ದೊಡ್ಡದಾಗಿ ನಡೆದು, ಆಮೇಲೆ ಅಂಗೈಯಗಲ ಬರೆದು, ಆಮೇಲೆ ಪುಸ್ತಕದ ಅಕ್ಷರ ನೋಡುತ್ತ ನೆಲದ ಮೇಲೆ ಬೆರಳಾಡಿಸಿದರೆ ಅವಳಿಗೆ ಗುರುತು ಸಿಗುತ್ತಿತ್ತು. ಆದರೆ ಒಂದು ಸಾಲಿಗೆ ಐದು ನಿಮಿಷ ಬೇಕು. ಪಾಸಾಗಬೇಕಾದರೆ ಒಂದು ಪುಟವನ್ನು ಎರಡು ನಿಮಿಷದಲ್ಲಿ ಓದಬೇಕು. ಇನ್ನು ಆರು ತಿಂಗಳು ಸಿಕ್ಕರೆ ಓದಿಸಿಯೇನು ಎಂದು ಅವನಿಗೆ ಗೊತ್ತಿತ್ತು. ಉಳಿದದ್ದು ಎರಡು ದಿನ.

ಆಗ ವೆಂಕಣ್ಣ ಮಾಸ್ತರು ಅವನನ್ನು ವರಾಂಡದ ಮೂಲೆಗೆ ಕರೆದರು. "ನೋಡ್ರಿ ಮಹಾದೇವಪ್ಪನವರ, ಸಾಹೇಬರ ಕೈಗೆ ಪುಸ್ತಕ ತೆಗೆದು ಕೊಡೂದು ನಾನ. ನಿಮ್ಮ ಮಗಳ ಸರತಿಗೆ ಹನ್ನೆರಡನೇ ಪಾಠ ತೆಗೆದು ಕೊಡ್ತೀನಿ. ಬಾಯಿಪಾಠ ಚಲೋ ಅದ ಅಕಿಗೆ. ಹೇಳಿಬಿಡ್ಲಿ, ಪಾಸಾಗ್ತಾಳ. ಯಾರಿಗೂ ತಿಳಿಯೂದಿಲ್ಲ." ಈ ಸಲ ಅವರ ಮಾತಿನೊಳಗೆ ಇನ್ನೊಂದು ಮಾತಿರಲಿಲ್ಲ. ಬೇರೆಯವರ ಮಕ್ಕಳಿಗಾದರೆ ಮಹಾದೇವಪ್ಪ ಹೀಗೆ ಕದ್ದು ಪಾಸು ಮಾಡಿಸಲಿಕ್ಕೆ ಸತ್ತರೂ ಒಪ್ಪುವವನಲ್ಲ. ಆದರೆ ಕಣ್ಣ ಮುಂದೆ ಹತ್ತಿಯ ಧೂಳು ಮೆತ್ತಿದ ರೆಪ್ಪೆಗಳು ಬಂದವು. ನಾಚಿಕೆ ನುಂಗಿಕೊಂಡು, "ಭಾಳ ಉಪಕಾರ ಆತ್ರಿ" ಎಂದ.

ಪರೀಕ್ಷೆಯ ದಿನ ಮುಂಜಾನೆ ಜಡೆ ಹಾಕಿಸಿಕೊಳ್ಳುತ್ತಿದ್ದ ಮಗಳ ಎದುರು ಕೂತು ಹೇಳಿದ. "ಸಾಹೇಬ್ರು ನಿನಗ ಮಾವ ಬಂದ ಪಾಠ ಕೊಡ್ತಾರ. ನಿನಗ ಬರ್ತೈತೆಲ್ಲ, ಗಡಗಡ ಹೇಳಿಬಿಡು. ಇವತ್ತೊಂದಿನ ಬಟ್ಟಿಡೂದು ಬ್ಯಾಡ." ಅವಳು ತಲೆಯಾಡಿಸಿದಳು. ಅದು ಹೂಂ ಎಂದೋ, ಅವ್ವ ಜಡೆ ಎಳೆದಳೆಂದೋ ಅವನು ನೋಡಲಿಲ್ಲ.

ತನ್ನ ತರಗತಿಗೆ ಮಗ್ಗಿ ಬರೆಯಲಿಕ್ಕೆ ಹಚ್ಚಿ, ಅವನು ಬಂದು ಎರಡನೆಯ ಇಯತ್ತೆಯ ಕಿಟಕಿಯ ಹೊರಗೆ ನಿಂತ. ಒಳಗೆ ಸಾಹೇಬರು ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಸುಹಾಸಿನಿಯ ಹೆಸರು ಕರೆದಾಗ ವೆಂಕಣ್ಣ ಮಾಸ್ತರು ಪುಸ್ತಕ ತೆಗೆದು, ಹೇಳಿದಂತೆ ಹನ್ನೆರಡನೆಯ ಪಾಠ ಮುಂದಿಟ್ಟರು. "ಓದವ್ವಾ" ಎಂದರು ಸಾಹೇಬರು.

ಅವಳು ಪುಟ ನೋಡಿದಳು. ಬೆಂಚಿನಿಂದ ಇಳಿದು, ಕಲ್ಲುಹಾಸಿನ ಮೇಲೆ ಕುಳಿತಳು. ಎಡಗೈ ಬೆರಳನ್ನು ಪುಸ್ತಕದ ಮೇಲಿಟ್ಟು, ಬಲಗೈ ಬೆರಳನ್ನು ನೆಲದ ಮೇಲೆ ಆಡಿಸತೊಡಗಿದಳು.

"ಮ್ಯಾಲ ಏಳವಾ, ಕೆಳಗ್ಯಾಕ ಕೂತಿ?" ಎಂದರು ವೆಂಕಣ್ಣ ಗಾಬರಿಯಾಗಿ. ಅವಳಿಗೆ ಕೇಳಿಸಲಿಲ್ಲ.

"ಮ. ಮಾ." ಬೆರಳು ಇನ್ನೊಂದು ಓಣಿ ಸುತ್ತಿ ಬಂತು. "ವ. ಮಾವ."

ಹೇಳು, ಗಡಗಡ ಹೇಳಿಬಿಡು, ಎಂದು ಕಿಟಕಿಯ ಸರಳು ಹಿಡಿದ ಮಹಾದೇವಪ್ಪ ಹಲ್ಲು ಕಚ್ಚಿದ. ಕಣ್ಣು ಮುಚ್ಚಿಕೊಂಡೂ ಹೇಳಬಲ್ಲಳು. ಇಡೀ ಪಾಠ ಬಾಯಲ್ಲಿದೆ. ಮೂರು ಮಾತು ಹೇಳಿದರೆ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ. "ಬ" ಎಂದಳು ಹುಡುಗಿ. ಹಣೆಯ ಮೇಲೆ ಬೆವರಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಬಂ. ದ. ಬಂದ." ಸಾಹೇಬರು ಗಡಿಯಾರ ನೋಡಿದರು. ಕೆಟ್ಟ ಮನುಷ್ಯರಲ್ಲ, ಇನ್ನೂ ಮೂವತ್ತು ಹುಡುಗರಿದ್ದರು. "ಸಾಕು ಬಿಡವ್ವಾ" ಎಂದು ಏನೋ ಬರೆದುಕೊಂಡರು.

ಅವಳು ಹೊರಗೆ ಓಡಿಬಂದಳು. ಮಹಾದೇವಪ್ಪನ ಕೈ ತನಗೆ ಗೊತ್ತಿಲ್ಲದೆ ಮೇಲೆದ್ದಿತ್ತು. "ಏನ್ ಹೇಳಿದ್ದೆ ನಿನಗ ಮುಂಜಾನೆ? ಬಾಯಿಪಾಠ ಹೇಳು ಅಂದಿದ್ದಿಲ್ಲೇನು?"

ಹುಡುಗಿ ಆ ಕೈಯನ್ನು ನೋಡಲೇ ಇಲ್ಲ. ಅವಳ ಮುಖದಲ್ಲಿ ಅವನು ಎಂದೂ ಕಾಣದ ಒಂದು ಬೆಳಕಿತ್ತು. "ಅಪ್ಪಾ, ಅದು ಪುಸ್ತಕದಾಗ ಖರೇನ ಐತಿ" ಎಂದಳು. "ಮಾವ ಬಂದ ಅಂತ ಅಲ್ಲೇ ಬರದಾರ. ನಾ ಓದಿದೆ. ಬಾಯಿಪಾಠ ಹೇಳಲಿಲ್ಲ."

ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹೆಡ್‌ಮಾಸ್ತರ ಗುರುಶಿದ್ದಪ್ಪನವರು ವರಾಂಡಕ್ಕೆ ಬಂದು, ಕೆಮ್ಮಿ, "ಮಾಸ್ತರ, ಏನೂ ಮಾಡಾಕ ಬರಂಗಿಲ್ರಿ. ಹೆಸರು ತಗೀಬೇಕಾಗ್ತೈತಿ" ಎಂದರು.

"ತಗೀರಿ" ಎಂದ ಮಹಾದೇವಪ್ಪ. ಸಾಹೇಬರಿಗಾಗಿಯೇ ಒಗೆಸಿ ಇಸ್ತ್ರಿ ಮಾಡಿಸಿದ ಬಿಳಿ ಧೋತರ ಉಟ್ಟವನು ಸಾಲಿಯ ಅಂಗಳಕ್ಕೆ ಇಳಿದು, ಎಲ್ಲರ ಎದುರಿಗೆ, ಎರಡನೆಯ ಇಯತ್ತೆಯ ಕಿಟಕಿಯ ಕೆಳಗೇ ಮಣ್ಣಿನಲ್ಲಿ ಕುಳಿತ. ಅಂಗೈಯಿಂದ ಧೂಳನ್ನು ಸರಿಸಿ ಸಮ ಮಾಡಿದ.

"ಬಾ" ಎಂದು ಮಗಳನ್ನು ಕರೆದ. "ಮಾವ ಬಂದ. ಏನ್ ತಂದ, ಓದು."

ಅವನ ತರಗತಿಯ ಹುಡುಗರು ಮಗ್ಗಿ ಬರೆದು ಮುಗಿಸಿ ಗದ್ದಲ ಸುರುಮಾಡಿದ್ದರು. ಅವನು ಏಳಲಿಲ್ಲ. ಸುಹಾಸಿನಿ ಎದುರಿಗೆ ಕೂತು, ಲಂಗವನ್ನು ಮೊಣಕಾಲಿನ ಕೆಳಗೆ ಒತ್ತಿಕೊಂಡು, ಬೆರಳನ್ನು ಮಣ್ಣಿಗೆ ಇಟ್ಟಳು.